ಕ್ಯಾಸೆಟ್ಟಪ್ಪನ ಹೊಟ್ಟೆಕಿಚ್ಚು

ಹೆಂಡತಿ ಎರಡೂ ಕಿವಿಗೆ ತಂತಿ ಸಿಕ್ಕಿಸಿಕೊಂಡು ಹೊಲಿಗೆ ಮೆಷಿನ್ನಿನ ಮುಂದೆ ಕೂತು, ತನ್ನಷ್ಟಕ್ಕೆ ತಾನು ನಗುತ್ತಿದ್ದುದನ್ನು ಕ್ಯಾಸೆಟ್ಟಪ್ಪ ಬಾಗಿಲ ಸಂದಿಯಿಂದ ನೋಡಿದ. ನೋಡಿದವನ ಹೊಟ್ಟೆಗೆ ಬೆಂಕಿ ಬಿತ್ತು. ಮದುವೆಯಾದ ಹೊಸದರಲ್ಲಿ ಆ ನಗುವನ್ನು ಅವನು ಕಂಡಿದ್ದ. ಆಮೇಲೆ ಅದು ಎಲ್ಲಿಗೆ ಹೋಯಿತೆಂದು ವಿಚಾರಿಸುವಷ್ಟು ಪುರುಸೊತ್ತು ಅವನಿಗೆ ಸಿಕ್ಕಿರಲಿಲ್ಲ. ಈಗ ಅದು ತಾನಾಗಿಯೇ ವಾಪಸು ಬಂದಿದೆ, ಆದರೆ ಅವನಿಗಾಗಿ ಬಂದದ್ದಲ್ಲ.

"ಏನೇ ಅದು, ಏನು ಕೇಳ್ತಿದ್ದೀಯ?" ಎಂದ. ಅವಳಿಗೆ ಕೇಳಿಸಲಿಲ್ಲ. ಎರಡನೇ ಸಲ ಕೂಗಿದ. ಮೂರನೇ ಸಲ ಹೋಗಿ ಭುಜ ಮುಟ್ಟಿದ ಮೇಲೆ ಅವಳು ಬೆಚ್ಚಿಬಿದ್ದು ಒಂದು ಕಿವಿಯದನ್ನು ಕಿತ್ತಳು.

"ನಿಮ್ಮ ಹಾಡೇರೀ. ಇನ್ನೇನು ಕೇಳ್ಲಿ?"

"ನಿಮ್ಮ ಹಾಡು" ಎಂದರೆ ಅವನು ಹಾಡಿದ್ದು ಎಂದು ತಿಳಿಯಬೇಡಿ. ಅವನ ಗಂಟಲು ಕೇಳಿದರೆ ಬೀದಿನಾಯಿಯೂ ಎದ್ದು ಆಚೆ ಹೋಗುತ್ತಿತ್ತು. ಕೆಳಗೆ ಕನ್ನಡಕದಂಗಡಿ, ಮೇಲೆ ಮನೆ, ಮನೆಯ ತುಂಬ ಕ್ಯಾಸೆಟ್ಟು, ಇಷ್ಟೇ ಅವನ ಸಂಸಾರ. ಬೀದಿಯವರು ಅವನ ನಿಜವಾದ ಹೆಸರನ್ನು ಎಂದೋ ಮರೆತು ಕ್ಯಾಸೆಟ್ಟಪ್ಪ ಎಂದು ಕರೆಯುತ್ತಿದ್ದರು. ಅದನ್ನು ಅವನು ಬಿರುದು ಎಂದೇ ತಿಳಿದಿದ್ದ. ಹರೆಯದಿಂದ ಒಂದೊಂದಾಗಿ ಕೂಡಿಹಾಕಿದ ಹಾಡುಗಳು ಅವು. ರೇಡಿಯೋದಿಂದ ಹಿಡಿದವು, ಗೆಳೆಯರ ಕಾಲಿಗೆ ಬಿದ್ದು ನಕಲು ಮಾಡಿಸಿಕೊಂಡವು, ಮುಚ್ಚಿಹೋದ ಅಂಗಡಿಗಳ ಧೂಳಿನಿಂದ ಎತ್ತಿ ತಂದವು. ಟೇಪು ಸಿಕ್ಕಿಹಾಕಿಕೊಂಡರೆ ಕನ್ನಡಕದ ಸಣ್ಣ ಸ್ಕ್ರೂಡ್ರೈವರಿನಿಂದ ಬಿಚ್ಚಿ, ಗಾಜು ಒರೆಸುವ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಸುತ್ತಿ ಕೂರಿಸುತ್ತಿದ್ದ. ಹೆತ್ತ ಮಗಳ ಜಡೆಯನ್ನೂ ಅವನು ಅಷ್ಟು ಜೋಪಾನವಾಗಿ ಮುಟ್ಟಿದವನಲ್ಲ.

ಹಾಡು ಕೇಳುವುದಕ್ಕೂ ಅವನ ಒಂದು ಪದ್ಧತಿ ಇತ್ತು. ಟೇಪ್‌ರೆಕಾರ್ಡರ್ ಇದ್ದದ್ದು ಹೆಂಡತಿಯ ಹೊಲಿಗೆಯ ಕೋಣೆಯಲ್ಲಿ. ಮಧ್ಯಾಹ್ನ ಅಂಗಡಿಯ ಬಾಗಿಲನ್ನು ಅರ್ಧ ಎಳೆದು ಮೇಲೆ ಬಂದು ಹಾಡು ಹಾಕುತ್ತಿದ್ದ. ಚೆನ್ನಾದ ಜಾಗ ಹತ್ತಿರ ಬರುತ್ತಿದ್ದ ಹಾಗೆ ಬೆರಳೆತ್ತುತ್ತಿದ್ದ. ಬೆರಳು ಎದ್ದ ಕೂಡಲೇ ಹೆಂಡತಿಯ ಕಾಲು ಮೆಷಿನ್ನಿನ ಪೆಡಲ್ ಮೇಲೆ ನಿಲ್ಲಬೇಕು. "ಈಗ ಬರುತ್ತೆ ನೋಡು... ಕೊಳಲು... ಬಂತು! ಹೆಂಗಿದೆ?" ಎನ್ನುತ್ತಿದ್ದ. ಅವಳು "ಹೂಂ" ಎನ್ನಬೇಕು. ಅವನಿಗೆ ಅದೇ ಪರಮಸುಖ. ಗೆಳೆಯರು ಒಬ್ಬೊಬ್ಬರಾಗಿ ಕೆಲಸದ ನೆಪ ಹೇಳಿ ಜಾರಿಕೊಂಡಿದ್ದರು. ಭಾವಮೈದ ಈ ಬೀದಿಗೆ ಬಂದರೂ ಮೆಟ್ಟಿಲು ಹತ್ತುತ್ತಿರಲಿಲ್ಲ. ಮಗಳು ಮದುವೆಯಾಗಿ ಹೋಗಿದ್ದಳು. ಜಗತ್ತಿನಲ್ಲಿ ಅವನ ಹಾಡಿಗೆ ಅಂತ ಉಳಿದಿದ್ದದ್ದು ಒಂದೇ ಜೊತೆ ಕಿವಿ. ಆ ಕಿವಿಗೆ ಈಗ ತಂತಿ ಬಿದ್ದಿತ್ತು.

ತಂತಿ ಬೀಳಲು ಕಾರಣ ಮಗಳೇ. ಟೇಪ್‌ರೆಕಾರ್ಡರಿನ ಬೆಲ್ಟು ಸಡಿಲವಾಗಿ, ಒಳ್ಳೊಳ್ಳೆಯ ಗಾಯಕರೆಲ್ಲ ಜ್ವರ ಬಂದವರ ಹಾಗೆ ಹಾಡತೊಡಗಿದ್ದರು. ಹೊಸ ಬೆಲ್ಟು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಅದೇ ಹೊತ್ತಿಗೆ ಹೊಸ ಫೋನ್ ಕೊಂಡ ಮಗಳು ಹಳೆಯದನ್ನು ತಾಯಿಗೆ ಕೊಟ್ಟು, "ಅಪ್ಪಾ, ನಿಮ್ಮ ಹಾಡೆಲ್ಲ ಇದರಲ್ಲೇ ಸಿಗುತ್ತೆ, ಹುಡುಕಿದ್ರೆ ಆಯ್ತು" ಎಂದಿದ್ದಳು.

"ಅದು ಯಾರ್ಯಾರದೋ ಹಾಡು. ನನ್ನದಲ್ಲ."

"ಹಾಡು ಹಾಡೇ ಅಲ್ವಾ ಅಪ್ಪಾ?"

"ಅಲ್ಲ" ಎಂದಿದ್ದ, ಇನ್ನು ಮಾತು ಬೇಡ ಎನ್ನುವ ದನಿಯಲ್ಲಿ.

"ಹಂಗಾದ್ರೆ ನಿಮ್ಮದನ್ನೇ ಫೋನಿಗೆ ಹಾಕಿಸಿ. ಎದುರುಗಡೆ ಜೆರಾಕ್ಸಿನವರ ಹತ್ರ ಒಂದು ವೈರ್ ಇದೆಯಂತೆ. ಟೇಪಿಗೂ ಕಂಪ್ಯೂಟರಿಗೂ ಸಿಕ್ಕಿಸಿದ್ರೆ ನೀಟಾಗಿ ಬರುತ್ತೆ."

ಜೆರಾಕ್ಸಿನವನ ಹೆಸರೆತ್ತಿದರೆ ಸಾಕು, ಕ್ಯಾಸೆಟ್ಟಪ್ಪ ಮೂಗು ಮುರಿಯುತ್ತಿದ್ದ. ಎದುರು ಸಾಲಿನಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಆ ಮನುಷ್ಯ ಬಂದ ವಾರದಲ್ಲೇ ಇವನ ಹೆಂಡತಿಯನ್ನು ಅಕ್ಕ ಎಂದು ಕರೆಯತೊಡಗಿದ್ದ. ಅಕ್ಕನ ಗಂಡ ಎಂಬ ನ್ಯಾಯದಲ್ಲಿ ಇವನನ್ನು ಭಾವ ಎನ್ನುತ್ತಿದ್ದ. ಕೇಳದೆ ಕೊಟ್ಟ ನಂಟು ಇವನಿಗೆ ಹಿಡಿಸಿರಲಿಲ್ಲ. "ನನ್ನ ಕ್ಯಾಸೆಟ್ಟನ್ನ ಅವನ ಕೈಗೆ ಕೊಡೋದಾ? ಅದಕ್ಕಿಂತ ಚರಂಡಿಗೆ ಹಾಕ್ತೀನಿ" ಎಂದು ತಾನೇ ಕೆಲಸಕ್ಕೆ ಇಳಿದ.

ಅವನ ವಿಧಾನ ಸರಳ. ಹೆಂಡತಿ ಹೊಲಿದಿಟ್ಟ ದಿಂಬಿನ ಚೀಲಗಳನ್ನು ಪೇರಿಸಿ, ಅದರ ಮೇಲೆ ಫೋನನ್ನು ಮಲಗಿಸಿ, ಅದರ ಮೂತಿಯನ್ನು ಟೇಪ್‌ರೆಕಾರ್ಡರಿನ ಸ್ಪೀಕರಿಗೆ ತಿರುಗಿಸಿ, ಫೋನಿನ ರೆಕಾರ್ಡಿಂಗ್ ಗುಂಡಿ ಒತ್ತಿ, ಆಮೇಲೆ ಟೇಪು ಹಾಕುವುದು. ಕಿಟಕಿ ಮುಚ್ಚಿದ. ಫ್ಯಾನ್ ನಿಲ್ಲಿಸಿದ. ಮಧ್ಯಾಹ್ನಗಳಲ್ಲಿ ಮೆಷಿನ್ ಮುಟ್ಟಕೂಡದೆಂದು ಹೆಂಡತಿಗೆ ಕಟ್ಟಪ್ಪಣೆ ಮಾಡಿದ. ಪರದೆ ಹೊಲಿಯಲು ಕೊಟ್ಟ ಲಾಡ್ಜಿನವರು ತಗಾದೆ ಮಾಡಿದರೂ ಜಗ್ಗಲಿಲ್ಲ. ಅವಳು ಬೆವರು ಒರೆಸಿಕೊಳ್ಳುತ್ತ ಮೂಲೆಯಲ್ಲಿ ಗುಂಡಿ ಹಚ್ಚುತ್ತ ಕೂತಿರುತ್ತಿದ್ದಳು. ಆ ಇಡೀ ಬೇಸಿಗೆ ಒಂದು ಸದ್ದಿಲ್ಲದೆ ಹಾಡುಗಳನ್ನು ದಾಟಿಸಿದೆನೆಂದು ಕ್ಯಾಸೆಟ್ಟಪ್ಪ ನಂಬಿದ್ದ. ಕೊನೆಯ ಕ್ಯಾಸೆಟ್ಟು ಮುಗಿದ ಕೆಲವೇ ದಿನಗಳಲ್ಲಿ ಬೆಲ್ಟು ಫಟ್ಟೆಂದು ಹರಿದು ಟೇಪ್‌ರೆಕಾರ್ಡರ್ ಕಣ್ಣು ಮುಚ್ಚಿತು. ಸದ್ಯ, ಎಲ್ಲ ಫೋನಿನಲ್ಲಿದೆ ಎಂದು ನಿಟ್ಟುಸಿರು ಬಿಟ್ಟ.

ಆದರೆ ಫೋನಿನಲ್ಲಿ ಒಂದು ಹಾಡು ಹಾಕಿಸಿ ಮೊದಲ ವಾದ್ಯ ಕೇಳುತ್ತಿದ್ದಂತೆ ಅವನ ಮುಖ ಹುಳ್ಳಗಾಯಿತು. ಆ ಪುಟ್ಟ ತೂತಿನಿಂದ ಬರುತ್ತಿದ್ದ ಸದ್ದು ಡಬ್ಬಿಯಲ್ಲಿ ಸಿಕ್ಕ ನೊಣದ್ದು. "ಥೂ, ನಿಲ್ಲಿಸು. ಒಳ್ಳೆ ಸ್ಪೀಕರ್ ತಂದ ಮೇಲೆ ಕೇಳಿದ್ರಾಯ್ತು" ಎಂದವನು ಮತ್ತೆ ಅದರ ತಂಟೆಗೆ ಹೋಗಲಿಲ್ಲ. ಆ ಸ್ಪೀಕರು ಒಳ್ಳೆಯದಲ್ಲ, ಈ ಸ್ಪೀಕರು ಒಳ್ಳೆಯದಲ್ಲ ಎಂದು ದಿನ ತಳ್ಳುತ್ತಿದ್ದಾಗಲೇ ಹೆಂಡತಿ ಎದುರು ಅಂಗಡಿಗೆ ಹೋಗಿ ಈ ಇಯರ್‌ಫೋನ್ ತಂದುಕೊಂಡಳು. ಅದೂ ಜೆರಾಕ್ಸಿನವನ ಕೈಯಿಂದ.

ಹೀಗೆ ಶುರುವಾದದ್ದು.

"ಯಾವ ಹಾಡು?" ಎಂದು ಈಗ ಅವನು ಪಟ್ಟು ಹಿಡಿದು ಕೇಳಿದ.

"ಅದೇ... ದೋಣಿ ಹಾಡು."

"ಕೊಳಲು ಬಂತಾ?"

"ಹೂಂ, ಬಂತು."

ಕ್ಯಾಸೆಟ್ಟಪ್ಪನಿಗೆ ಅಲ್ಲೇ ಸುಳ್ಳು ಸಿಕ್ಕಿತು. ದೋಣಿ ಹಾಡಿನಲ್ಲಿ ಕೊಳಲೇ ಇಲ್ಲ. ಇಷ್ಟು ವರ್ಷ ಕೇಳಿಸಿದ ಮೇಲೂ ಇದು ಗೊತ್ತಿಲ್ಲವೆಂದರೆ ಒಂದೋ ಅವಳು ಕಿವುಡಿ, ಇಲ್ಲವೇ ಕೇಳುತ್ತಿರುವುದು ದೋಣಿ ಹಾಡಲ್ಲ. ಕಿವುಡಿಯಲ್ಲ ಎನ್ನುವುದು ಅವನಿಗೆ ಗೊತ್ತು. ಬೀದಿಯ ತುದಿಯಲ್ಲಿ ಹಾಲಿನ ಗಾಡಿ ನಿಂತರೆ ಅವಳಿಗೆ ಕೇಳಿಸುತ್ತದೆ. ದಡದಡ ಕೆಳಗಿಳಿದು ಹೋದ.

ಅಂದಿನಿಂದ ಅವನಿಗೆ ಕಾಲು ಅಂಗಡಿಯಲ್ಲಿ ನಿಲ್ಲದಾಯಿತು. ಗಾಜು ಒರೆಸುವ ಬಟ್ಟೆ ಬೇಕು, ನೀರು ಬೇಕು, ಚಿಲ್ಲರೆ ಬೇಕು ಎಂದು ನೆಪ ಹೂಡಿ ಮೆಟ್ಟಿಲು ಹತ್ತುತ್ತಿದ್ದ. ಹೆಂಡತಿ ಪ್ರತಿ ಸಲವೂ ತಂತಿ ಹಾಕಿಕೊಂಡೇ ಇರುತ್ತಿದ್ದಳು. ತಂತಿಯ ಇನ್ನೊಂದು ತುದಿ ಮಡಿಲಿನ ಬಟ್ಟೆಗಳ ರಾಶಿಯೊಳಗೆ ಇಳಿದಿರುತ್ತಿತ್ತು. ಅವಳ ಮುಖ ನೋಡಿ ಏನೂ ಬಗೆಹರಿಯದೆ ಅವನು ಅವಳ ಕಾಲು ನೋಡತೊಡಗಿದ. ಕಾಲು ಸುಳ್ಳು ಹೇಳುವುದಿಲ್ಲವಲ್ಲ. ಹಾಡು ಕೇಳುವವರ ಕಾಲು ಆ ಹಾಡಿನ ತಾಳಕ್ಕೆ ಬಿದ್ದೇ ಬೀಳುತ್ತದೆ ಎಂಬುದು ಅವನ ಸಿದ್ಧಾಂತ. ಪೆಡಲ್ ತುಳಿಯುವ ಅವಳ ಪಾದವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ತನ್ನಲ್ಲಿದ್ದ ಹಾಡುಗಳನ್ನೆಲ್ಲ ಮನಸ್ಸಿನಲ್ಲೇ ಹಾಕಿ, ಒಂದೊಂದರ ತಾಳಕ್ಕೂ ಆ ಪಾದವನ್ನು ಹೊಂದಿಸಿ ನೋಡಿದ. ಒಂದಕ್ಕೂ ಕೂಡಲಿಲ್ಲ. ಆ ಪಾದ ಸಲೀಸಾಗಿ, ಎಲ್ಲೂ ತಡೆಯದೆ, ಯಾರಿಗಾಗಿಯೂ ನಿಲ್ಲದೆ ಹೋಗುತ್ತಿತ್ತು. ಇವನು ಪಕ್ಕದಲ್ಲಿ ನಿಂತಿದ್ದು ಗೊತ್ತಾದಾಗ ಮಾತ್ರ ತಡವರಿಸುತ್ತಿತ್ತು.

ಅಂದರೆ ಆ ಹಾಡು ಇವನದಲ್ಲ. ಹೊರಗಿನದು. ಯಾರೋ ಕೊಟ್ಟದ್ದು.

ಯಾರು ಎಂದು ಯೋಚಿಸುವ ತಾಪತ್ರಯವೇ ಇರಲಿಲ್ಲ. ಅಂಗಡಿಯ ಗಾಜಿನ ಬಾಗಿಲಿನಿಂದ ನೇರ ಎದುರಿಗೆ ಕಾಣುತ್ತಿದ್ದ, ಆ ಬೆಳಕು ಕಕ್ಕುವ ಯಂತ್ರದ ಹಿಂದೆ, ಹಲ್ಲು ಕಿರಿಯುತ್ತ. ತಲೆಗೂದಲು ಇನ್ನೂ ಕಪ್ಪಗಿತ್ತು. ಅದೂ ಒಂದು ಉರಿ. ಆ ಉರಿಯಲ್ಲೇ ಕ್ಯಾಸೆಟ್ಟಪ್ಪ ಒಬ್ಬ ಗಿರಾಕಿಯ ಎಡಗಣ್ಣಿನ ಗಾಜನ್ನು ಬಲಗಡೆಗೆ ಕೂರಿಸಿ ಕಳಿಸಿಬಿಟ್ಟ. ಆ ಮನುಷ್ಯ ಸಂಜೆ ಗೋಡೆ ಹಿಡಿದುಕೊಂಡು ಬಂದು, "ಸ್ವಾಮಿ, ರಸ್ತೆಯೆಲ್ಲ ಒಂದು ಕಡೆ ವಾಲ್ಕೊಂಡಿದೆ" ಎಂದ. ಇಡೀ ಕಸುಬಿನಲ್ಲಿ ಇಂಥ ತಪ್ಪು ಮಾಡಿದವನಲ್ಲ ಅವನು. ಆ ಅವಮಾನವನ್ನೂ ಜೆರಾಕ್ಸಿನವನ ಲೆಕ್ಕಕ್ಕೇ ಸೇರಿಸಿ, ನೇರ ರಸ್ತೆ ದಾಟಿ ಹೋದ.

"ಬನ್ನಿ ಭಾವ, ಏನು ಅಪರೂಪ!"

"ಭಾವ ಗೀವ ಆಮೇಲಾಗ್ಲಿ. ನಮ್ಮನೆಯವಳ ಫೋನಿಗೆ ಏನು ಹಾಡು ಹಾಕ್ಕೊಟ್ಟಿದ್ದೀಯ?"

ಜೆರಾಕ್ಸಿನವನು ಕಣ್ಣು ಕಣ್ಣು ಬಿಟ್ಟ. "ನಾನಾ? ಅಯ್ಯೋ, ನನಗೆ ಹಾಡು ಅಂದ್ರೇನೇ ಆಗಲ್ಲ ಭಾವ. ಬೆಳಗಿಂದ ಈ ಮೆಷಿನ್ ಗರ್ರ್ ಅಂತ ತಲೆ ತಿನ್ನುತ್ತೆ. ಮನೆಗೆ ಹೋಗಿ ಟಿವೀನೂ ಹಾಕಲ್ಲ."

"ಹಂಗಾದ್ರೆ ಆ ತಂತಿ ಕೊಟ್ಟೋರು ಯಾರು?"

"ಇಯರ್‌ಫೋನಾ? ಅಕ್ಕ ಬಂದು ಕೇಳಿದ್ರು, ಕೊಟ್ಟೆ. ಎರಡು ಮೂರು ಥರದ್ದು ತೋರ್ಸಿದೆ. ಹೊರಗಡೆ ಏನೂ ಕೇಳಿಸಬಾರದು ಅಂಥದ್ದು ಕೊಡಿ ಅಂದ್ರು. ರಬ್ಬರಿಂದು ಕೊಟ್ಟೆ. ಕಿವಿಗೆ ಗಟ್ಟಿಯಾಗಿ ಕೂರುತ್ತೆ." ಒಂದು ಗಳಿಗೆ ಇವನ ಮುಖ ನೋಡಿ, "ಯಾಕೆ ಭಾವ, ಕೆಟ್ಟೋಯ್ತಾ?" ಎಂದ.

ಹೊರಗಡೆ ಏನೂ ಕೇಳಿಸಬಾರದು! ಅಷ್ಟು ಮುಳುಗಿ ಕೇಳುವಂಥದ್ದು ಏನಿದೆ ಅದರಲ್ಲಿ? ಕ್ಯಾಸೆಟ್ಟಪ್ಪ ರಸ್ತೆ ದಾಟಿ ವಾಪಸು ಬಂದುಬಿಟ್ಟ. ಅವನಿಗೆ ಅಳು ಬರುವ ಹಾಗಾಗಿತ್ತು ಎಂದರೆ ಯಾರೂ ನಂಬಲಿಕ್ಕಿಲ್ಲ, ಆದರೆ ಬಂದಿತ್ತು. ಹೆಂಡತಿ ಬೇರೆ ಗಂಡಸಿನ ಜೊತೆ ಓಡಿಹೋಗುತ್ತಾಳೆಂಬ ಹೆದರಿಕೆಯಲ್ಲ ಅದು. ಈ ವಯಸ್ಸಿನಲ್ಲಿ ಇಬ್ಬರ ಮಂಡಿಗೂ ಓಡುವ ಶಕ್ತಿಯಿಲ್ಲ. ತಾನು ಒಂದು ಆಯುಷ್ಯ ಸುರಿದು ತಂದ ಹಾಡುಗಳಿಗೆ ಬರೀ "ಹೂಂ" ಅಂದವಳು, ಯಾರದೋ ಹಾಡಿಗೆ ಆ ನಗು ಕೊಟ್ಟಳಲ್ಲ ಎಂಬ ಸಂಕಟ. ಇನ್ನು ತನ್ನ ಹಾಡನ್ನು ಯಾರಿಗೆ ಕೇಳಿಸುವುದು?

ಮರುದಿನ ಅವಳು ಲಾಡ್ಜಿಗೆ ಪರದೆ ಕೊಟ್ಟುಬರಲು ಹೋದಾಗ ಫೋನು ಮನೆಯಲ್ಲೇ ಚಾರ್ಜಿಗಿತ್ತು. ಇಯರ್‌ಫೋನ್ ಮೆಷಿನ್ನಿನ ಮೇಲಿತ್ತು. ಕ್ಯಾಸೆಟ್ಟಪ್ಪ ಕಳ್ಳನ ಹಾಗೆ ಚಿಲಕ ಹಾಕಿಕೊಂಡು ಎರಡನ್ನೂ ಜೋಡಿಸಿ ಕಿವಿಗೆ ಸಿಕ್ಕಿಸಿಕೊಂಡ. ಹೊರಗಿನ ಹಾಡು ಎಲ್ಲಿ ಎಂದು ಹುಡುಕಿದ. ಒಂದೂ ಇಲ್ಲ. ಇದ್ದದ್ದೆಲ್ಲ ಅವನೇ ದಾಟಿಸಿದವು. ದೋಣಿ ಹಾಡನ್ನು ಒತ್ತಿದ.

ಟೇಪಿನ ಸುಯ್ ಸದ್ದು. ತಂತಿವಾದ್ಯ. ಇಂಪಾದ ಹೆಣ್ಣುದನಿ. ಎರಡು ಸಾಲು ಆಗುತ್ತಿದ್ದಂತೆ ಕಿವಿಯ ಬುಡದಲ್ಲೇ ಯಾರೋ ಗೊರಗೊರ ದನಿಯಲ್ಲಿ "ಈಗ ಬರುತ್ತೆ... ಈಗ ಬರುತ್ತೆ ನೋಡು..." ಎಂದರು. ಅವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿದ. ಕೋಣೆಯಲ್ಲಿ ಯಾರೂ ಇರಲಿಲ್ಲ. "ಬಂತು! ಆಹಾ! ಹೆಂಗೆ ಎಳೆದಳು ನೋಡಿದ್ಯಾ? ಈಗಿನವರು ಹಾಡ್ತಾರೇನೇ ಹಿಂಗೆ? ಏ, ಆ ಗುಂಡಿ ಡಬ್ಬಿ ಕೆಳಗಿಡು, ಸದ್ದಾಗುತ್ತೆ!" ಹಿಂದೆ ದೂರದಲ್ಲೆಲ್ಲೋ ಆ ಹೆಂಗಸು ಪಾಪ ಹಾಡುತ್ತಲೇ ಇದ್ದಳು.

ಇನ್ನೊಂದು ಒತ್ತಿದ. ಅದರಲ್ಲೂ ಅವನೇ. ಮತ್ತೊಂದರಲ್ಲಿ ತಬಲಾದವನ ಕಥೆ ಹೇಳುತ್ತ ಇಡೀ ಹಾಡನ್ನೇ ಮುಗಿಸಿಬಿಟ್ಟಿದ್ದ. ಬೇಸಿಗೆಯಲ್ಲಿ ಉಸಿರೂ ಬಿಡದೆ ಕೂತಿದ್ದೆನೆಂದು ನಂಬಿದ್ದವನ ಮಾತು ಪ್ರತಿಯೊಂದು ಹಾಡಿನ ಮೇಲೂ ಕಾಲು ಚಾಚಿ ಮಲಗಿತ್ತು.

ಮೊದಲು ನಾಚಿಕೆಯಾಯಿತು. ಆಮೇಲೆ, ನಿಧಾನಕ್ಕೆ, ಅವನ ಮುಖ ಅರಳತೊಡಗಿತು. ಅಂದರೆ ಅವಳು ಇಷ್ಟು ದಿನ ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದದ್ದು ಇದನ್ನು! ಕಣ್ಣು ಅರೆಮುಚ್ಚಿ ನಗುತ್ತಿದ್ದದ್ದು ಇದಕ್ಕೆ! ಹೊರಗಿನದು ಏನೂ ಕೇಳಿಸಬಾರದೆಂದು ರಬ್ಬರಿನದನ್ನು ಆರಿಸಿ ತಂದದ್ದು ಗಂಡನ ದನಿಗಾಗಿ! ಕಾಲಿನ ತಾಳ ಹಾಡಿಗೆ ಹೇಗೆ ಕೂಡೀತು, ಅವಳು ಕೇಳುತ್ತಿದ್ದದ್ದು ಮಾತನ್ನಲ್ಲವೇ? ತನ್ನ ಅನುಮಾನ ನೆನೆದು ತಲೆ ತಲೆ ಚಚ್ಚಿಕೊಂಡ. ಸಂಜೆ ರಸ್ತೆ ದಾಟಿ ಹೋಗಿ ಜೆರಾಕ್ಸಿನವನನ್ನು ತಾನಾಗಿಯೇ ಮಾತಾಡಿಸಿ, ಅವನ ಕನ್ನಡಕದ ಸಡಿಲ ಕಡ್ಡಿಯನ್ನು ಅಲ್ಲೇ ಬಿಗಿ ಮಾಡಿಕೊಟ್ಟ. ಬೇಡ ಬೇಡವೆಂದರೂ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ, "ಇವತ್ತು ನಿನ್ನ ಫೋನು ನನ್ನ ಹತ್ರ ಇರ್ಲಿ ಕಣೇ" ಎಂದ. ಅವಳು "ಅದಕ್ಕೇನು, ತಗೊಳ್ಳಿ" ಎಂದು ಯಾಕೆಂದೂ ಕೇಳದೆ ಕೊಟ್ಟಳು. ಎಂಥ ಹೆಂಗಸು ಎಂದುಕೊಂಡ. ಅಂಗಡಿಯಲ್ಲಿ ಕೂತು ಫೋನನ್ನು ಕಿವಿಗೆ ಹಚ್ಚಿ ತನ್ನ ಮಾತುಗಳನ್ನು ಮೆಲುಕು ಹಾಕಿದ. ಕೆಲವು ಕಡೆ ನಿಜಕ್ಕೂ ಚೆನ್ನಾಗಿ ಹೇಳಿದ್ದೇನೆ ಅನ್ನಿಸಿತು. ಮಧ್ಯಾಹ್ನ ಬಾಗಿಲನ್ನು ಅರ್ಧ ಎಳೆದು, ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಹೊಸ ಮದುಮಗನ ಹಾಗೆ ಮೆಟ್ಟಿಲು ಹತ್ತಿದ. ಇವತ್ತು ಪಕ್ಕದಲ್ಲಿ ಕೂತು ಒಂದೊಂದು ಕಿವಿಗೆ ಒಂದೊಂದು ಸಿಕ್ಕಿಸಿಕೊಂಡು ಇಬ್ಬರೂ ಕೇಳಬೇಕು ಎಂಬ ಆಸೆ.

ಅವಳು ಮೆಷಿನ್ನಿನ ಮುಂದೆ ಕೂತಿದ್ದಳು. ಎರಡೂ ಕಿವಿಯಲ್ಲಿ ತಂತಿ. ಕಣ್ಣು ಅರೆಮುಚ್ಚಿತ್ತು. ಕಾಲು ಸಲೀಸಾಗಿ ಹೋಗುತ್ತಿತ್ತು. ತುಟಿಯ ಮೇಲೆ ಅದೇ ನಗು. ಕ್ಯಾಸೆಟ್ಟಪ್ಪ ಬಾಗಿಲಲ್ಲಿ ನಿಂತು ಕಣ್ತುಂಬ ನೋಡಿದ. ನನ್ನದು ಆ ನಗು ಎಂದು ಎದೆ ಉಬ್ಬಿತು.

ಅಷ್ಟರಲ್ಲಿ ಅವನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು.

ಮಗಳದು. ತಡಕಾಡಿ ನಿಲ್ಲಿಸಿದ. ಹೆಂಡತಿ ತಲೆ ಎತ್ತಲಿಲ್ಲ. ಅವನು ಕೈಯಲ್ಲಿದ್ದ ಫೋನನ್ನು ನೋಡಿದ. ಅವಳ ಕಿವಿಯನ್ನು ನೋಡಿದ. ಕಿವಿಯಿಂದ ಇಳಿದು ಬಂದ ತಂತಿಯನ್ನು ಕಣ್ಣಿನಲ್ಲೇ ಹಿಡಿದುಕೊಂಡು ಬಂದ. ಅದು ಮಡಿಲಿನ ಬಟ್ಟೆ ದಾಟಿ, ಮೆಷಿನ್ನಿನ ಅಂಚಿನಿಂದ ಕೆಳಗೆ ಜೋತು, ಗಾಳಿಯಲ್ಲಿ ಸುಮ್ಮನೆ ತೂಗಾಡುತ್ತಿತ್ತು.

ಹತ್ತಿರ ಹೋಗಿ, ಅವಳ ಒಂದು ಕಿವಿಯದನ್ನು ತೆಗೆದು ತನ್ನ ಕಿವಿಗೆ ಇಟ್ಟುಕೊಂಡ. ಏನೂ ಇಲ್ಲ. ಒಂದು ಚೂರೂ ಏನೂ ಇಲ್ಲ.

"ಏನೇ ಇದು?" ಎಂದ. ದನಿ ಅವನದೇ ಎಂದು ಅವನಿಗೇ ಅನ್ನಿಸಲಿಲ್ಲ. "ಫೋನು ನನ್ನ ಹತ್ರ ಇದೆ. ನೀನು ಏನು ಕೇಳ್ತಿದ್ದೀಯ?"

ಅವಳು ಕಾಲು ನಿಲ್ಲಿಸಿದಳು. ಸುಳ್ಳು ಹುಡುಕುವವಳ ಹಾಗೆ ಒಂದು ಗಳಿಗೆ ಕಿಟಕಿ ಕಡೆ ನೋಡಿ, ಆಮೇಲೆ ಬೇಡವೆಂದು ಬಿಟ್ಟಳು.

"ಏನೂ ಕೇಳ್ತಿರಲಿಲ್ಲ ರೀ."

"ಮತ್ತೆ ನಿನ್ನೆ? ಮೊನ್ನೆ?"

"ಮೊದಲನೇ ದಿನ ಒಂದೇ ದಿನ ಹಾಕ್ಕೊಂಡೆ. ಇಷ್ಟು ವರ್ಷ ಆಯ್ತು, ಒಂದು ಹಾಡನ್ನಾದ್ರೂ ಶುರುವಿಂದ ಕೊನೇವರೆಗೆ ಒಬ್ಬಳೇ ಕೇಳೋಣ ಅಂತ ಆಸೆಪಟ್ಟೆ. ನೋಡಿದ್ರೆ ಅದರೊಳಗೂ ನೀವೇ ಇದ್ರಿ." ಬಯ್ಯುವ ದನಿಯಲ್ಲ ಅದು. ದಾರ ತುಂಡಾಯಿತು ಎಂದು ಹೇಳುವ ಹಾಗೆ ಹೇಳಿದಳು. "ನಿಮಗೆ ಹೇಳಿದ್ರೆ ಆ ಟೇಪನ್ನ ಹೆಂಗಾದ್ರೂ ರಿಪೇರಿ ಮಾಡಿಸಿ, ಮತ್ತೆ ಎಲ್ಲ ಶುರು ಮಾಡ್ತಿದ್ರಿ. ಅದಕ್ಕೇ ಹೇಳ್ಲಿಲ್ಲ."

"ಹಂಗಾದ್ರೆ ಈ ತಂತಿ ಯಾಕೆ?"

"ಇದು ಕಿವೀಲಿದ್ರೆ ನಿಮ್ಮ ಹಾಡು ಕೇಳ್ತಿದ್ದೀನಿ ಅಂದ್ಕೊಂಡು ನೀವು ಮಾತಾಡ್ಸಲ್ಲ. ರಬ್ಬರಿಂದು ನೋಡಿ, ಮೆಷಿನ್ ಸದ್ದೂ ಎಲ್ಲೋ ದೂರದಲ್ಲಿ ಅನ್ಸುತ್ತೆ. ಎಷ್ಟು ಹಾಯಾಗಿರುತ್ತೆ ಗೊತ್ತಾ?"

"ನಗ್ತಿದ್ದೆ ನೀನು" ಎಂದ, ಕೊನೆಯ ಸಾಕ್ಷಿ ಹಾಜರುಪಡಿಸುವವನ ಹಾಗೆ.

"ಹೌದಾ?" ಅವಳಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನನಗೆ ಗೊತ್ತೇ ಆಗ್ಲಿಲ್ಲ."

ಕ್ಯಾಸೆಟ್ಟಪ್ಪ ಬಟ್ಟೆಗಳ ರಾಶಿ ಸರಿಸಿ ಸ್ಟೂಲಿನ ಮೇಲೆ ಕುಸಿದ. ಜೆರಾಕ್ಸಿನವನಾಗಿದ್ದರೆ ಎಷ್ಟು ಚೆನ್ನಾಗಿತ್ತು! ರಸ್ತೆ ದಾಟಿ ಹೋಗಿ ಕತ್ತಿನ ಪಟ್ಟಿ ಹಿಡಿಯಬಹುದಿತ್ತು. ಯಾರದೋ ಹಾಡಾಗಿದ್ದರೆ ಅದರ ತಾಳದಲ್ಲಿ ತಪ್ಪು ಹುಡುಕಬಹುದಿತ್ತು. ಇದರ ಮೇಲೆ ಹೊಟ್ಟೆಕಿಚ್ಚು ಪಟ್ಟು ಏನು ಮಾಡುವುದು? ಆದರೂ ಪಟ್ಟ. ಅವಳಿಗೆ ಆ ನಗು ತರಿಸಿದ್ದು ತಾನಿಲ್ಲದ ಒಂದು ಮಧ್ಯಾಹ್ನ ಎನ್ನುವುದು ಅವನ ಎದೆಯಲ್ಲಿ ಮುಳ್ಳಿನಂತೆ ಕೂತಿತು.

ಅವನು ಅಲ್ಲೇ ಕೂತಿದ್ದ. ಅವಳು ಸ್ವಲ್ಪ ಹೊತ್ತು ಹೊಲಿದಳು. ಆಮೇಲೆ ಕತ್ತು ತಿರುಗಿಸಿ ನೋಡಿದಳು. "ಯಾಕ್ರೀ? ಮೈ ಸರಿ ಇಲ್ವಾ?"

ಅವನು ತಲೆಯಾಡಿಸಿದ, ಏನಿಲ್ಲ ಎಂದು.

"ಅಂಗಡಿಗೆ ಹೋಗಲ್ವಾ?"

ಮತ್ತೆ ತಲೆಯಾಡಿಸಿದ.

ಅವಳು ಅವನನ್ನು ಇನ್ನೊಂದು ಸಲ ನೋಡಿದಳು. ಉಳಿದ ಕಿವಿಯದನ್ನೂ ತೆಗೆದು, ತಂತಿಯನ್ನು ಸುತ್ತಿ ಮೆಷಿನ್ನಿನ ಮೇಲೆ ಇಟ್ಟಳು. "ಹಿಂಗೇ ಸುಮ್ನೆ ಕೂತಿರೋದಾದ್ರೆ ಇದು ಬೇಡ" ಎಂದು ಮತ್ತೆ ಪೆಡಲಿಗೆ ಕಾಲಿಟ್ಟಳು.

ಮೆಷಿನ್ ಓಡಿತು. ಹೊರಗೆ ಯಾರದೋ ಸೈಕಲ್ಲು ಹೋಯಿತು. ಅವಳ ಪಾದ ಸಲೀಸಾಗಿ ತುಳಿಯುತ್ತಿತ್ತು, ಈಗ ಅವನು ಪಕ್ಕದಲ್ಲಿದ್ದರೂ ತಡವರಿಸದೆ. ಅದನ್ನು ಕಂಡು ಕ್ಯಾಸೆಟ್ಟಪ್ಪನಿಗೆ ಒಂದು ಮಾತು ಹೊಳೆಯಿತು. ಒಳ್ಳೆಯ ಮಾತು, ಅವಳಿಗೂ ಹಿಡಿಸುವಂಥದ್ದು, ಹೇಳದಿದ್ದರೆ ಹಾಳಾಗಿ ಹೋಗುವಂಥದ್ದು. ಅದು ಗಂಟಲಿನವರೆಗೆ ಬಂತು. ಅವನು ಬಾಯಿ ತೆರೆದ.

ಅವಳ ಕೈ ಹೊಲಿಗೆ ಬಿಟ್ಟು ತಂತಿಯ ಕಡೆ ಸರಿಯಿತು.

ಅವನು ಬಾಯಿ ಮುಚ್ಚಿದ. ಕೈ ಒಂದು ಗಳಿಗೆ ಅಲ್ಲೇ ನಿಂತು, ಮೆಲ್ಲಗೆ ಬಟ್ಟೆಗೆ ವಾಪಸು ಬಂತು.